ನಗಬಾರದ ಮಗಳು, ಕೆಮ್ಮಬೇಕಾದ ಮಗಳು

ನೋವಿರೋ ಮನೆಗೇ ನಗು ಹುಡುಕ್ಕೊಂಡು ಬರ್ತದೆ. ನಮ್ಮನೆಗೆ ಬಂದದ್ದು ಮಗಳ ಆಪರೇಶನ್ ಆದ ಮೇಲೆ.

ಅವಳ ಎದೆ ಹುಟ್ಟಿನಿಂದಲೇ ಒಳಕ್ಕೆ ಗುಳಿ ಬಿದ್ದಿತ್ತು. ಚಾಮರಾಜನಗರದಲ್ಲಿ ಒಳಗೊಂದು ಕಂಬಿ ಇಟ್ಟು ಎತ್ತಿ ನಿಲ್ಲಿಸಿದರು. ನೋವಿನ ಮಾತ್ರೆ ತಪ್ಪಿಸಬೇಡಿ, ಚೆನ್ನಾಗಿ ಉಸಿರೆಳೀಲಿ, ಕೆಮ್ಮಲಿ, ಇಲ್ಲಾಂದ್ರೆ ಕಫ ಕಟ್ಟಿ ಜ್ವರ ಬರ್ತದೆ ಅಂದರು ಡಾಕ್ಟರು. ಅವಳವ್ವ ಹೋದ ವರ್ಷ ತೀರಿಕೊಂಡಳು. ನೋಡಿಕೊಳ್ಳೋಕೆ ನಾನು, ಹರವೆಯಿಂದ ಬಂದ ನಮ್ಮತ್ತೆ, ಅಂದ್ರೆ ಅವಳವ್ವನ ತಾಯಿ.

ಮುಖದ ಕಾರ್ಡು

ಆಸ್ಪತ್ರೆಯಲ್ಲಿ ನರ್ಸಮ್ಮ ಒಂದು ಕಾರ್ಡು ತಂದರು. ಸಾಲಾಗಿ ಮುಖಗಳು. ಮೊದಲನೇದು ನಗ್ತಿತ್ತು, ಕೊನೇದು ಅಳ್ತಿತ್ತು. ನೋವು ಎಷ್ಟಿದೆ, ಬೆರಳಿಟ್ಟು ತೋರಿಸು ಅಂದರು. ಮಗಳು ಕಾರ್ಡು ನೋಡಿದಳು, ನನ್ನ ನೋಡಿದಳು. ಕೊನೇ ಮುಖದ ಮೇಲೆ ಬೆರಳಿಟ್ಟಳು. ನರ್ಸಮ್ಮ ಗಾಬರಿಬಿದ್ದು ಇಂಜೆಕ್ಷನ್ ತರೋಕೆ ಹೊರಟರು.

"ಅದು ನಮ್ಮಪ್ಪ ಸಿಸ್ಟರ್. ನಂದು ಈ ನಡುವಿನದು."

ನಡುವಿನ ಮುಖಕ್ಕೆ ಮಾತ್ರೆ ಬಂತು. ಕೊನೇ ಮುಖಕ್ಕೆ ಒಂದು ಲೋಟ ಟೀ ಬಂತು.

ಸುಮ್ಮನೆ ಕೂತ ಮಾವ

ಗುಂಡ್ಲುಪೇಟೆಗೆ, ಮನೆಗೆ ಬಂದೆವು. ನಕ್ಕರೆ ಅವಳಿಗೆ ಎದೆ ಎಳೆಯೋದು. ಸಂತೆಮರಹಳ್ಳಿಯಿಂದ ನನ್ನ ಭಾವಮೈದ ಬಂದ. ಅವನು ಬಾಯಿ ತೆಗೆದರೆ ಬಸ್ಸೆಲ್ಲ ನಗ್ತದೆ. ಬಾಗಿಲಲ್ಲೇ ತಡೆದು, ಒಂದು ಮಾತೂ ಆಡಬೇಡ ಕಣ್ಲಾ ಅಂದೆ. ಆಯ್ತು ಬುಡು ಭಾವ ಅಂದ. ಒಳಗೆ ಹೋಗಿ ಕೈಕಟ್ಟಿಕೊಂಡು, ನೆಲ ನೋಡ್ತಾ ಕೂತ.

ಆ ಮನುಷ್ಯ ಸುಮ್ಮನೆ ಕೂತದ್ದನ್ನ ಮಗಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ದಿಂಬು ಎದೆಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರೋಹಂಗೆ ನಕ್ಕಳು.

"ಏನಾದ್ರೂ ಮಾತಾಡು ಮಾವ, ನಗು ನಿಲ್ಲಲಿ."

ಮೆಣಸಿನಕಾಯಿ

ಅತ್ತೆ ಮಾತ್ರೆ ಎತ್ತಿಡೋರು. ಮಗು ನೋವು ಅಂದಾಗ ಕೊಡನ ಅನ್ನೋರು. ದನ ನುಗ್ಗಿದ ಮೇಲೆ ಬೇಲಿ ಹಾಕ್ತಾರಾ ಅತ್ತೆ, ಅಂದೆ. ಅವತ್ತಿಂದ ಹೊತ್ತಿಗೆ ಸರಿಯಾಗಿ ಕೊಟ್ಟರು. ನೋವು ಇಳೀತು. ಭಯ ಇಳೀಲಿಲ್ಲ. ಮಗಳು ಕೆಮ್ಮಲೇ ಇಲ್ಲ. ಎದೇಲಿ ಗೊರಗೊರ ಅನ್ನೋದು. ಮತ್ತೆ ಆಸ್ಪತ್ರೆ ಸೇರಿಸಬೇಕೇನೋ ಅಂತ ನನಗೆ ಊಟ ಸೇರಲಿಲ್ಲ.

ಇದು ದೃಷ್ಟಿ ಅಂದರು ಅತ್ತೆ. ಉಪ್ಪು, ಒಣಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ನಮ್ಮ ಕಡೆ ಲೆಕ್ಕ ಹಿಂಗೆ: ಘಾಟಿಗೆ ಕೆಮ್ಮು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ಭಾರೀ ದೃಷ್ಟಿ. ನಾನು ಕೆಮ್ಮಿದೆ. ಅತ್ತೆ ಕೆಮ್ಮಿದರು. ಪಕ್ಕದ ಮನೆಯವರೂ ಕೆಮ್ಮಿದರು. ಮಗಳು ಬಾಯಿ ಬಿಗಿಹಿಡಿದು ಕೂತಿದ್ದಳು.

"ನೋಡಪ್ಪ, ಎಂಥಾ ಕಣ್ಣು ಬಿದ್ದದೆ ಇವಳ ಮ್ಯಾಲೆ" ಅಂತ ಅತ್ತೆ ಇನ್ನೊಂದು ಹಿಡಿ ಮೆಣಸಿನಕಾಯಿ ತರೋಕೆ ಎದ್ದರು.

ಮಗಳು ದಿಂಬು ಅಮುಕಿಕೊಂಡು ಕೆಮ್ಮಿದಳು. ಮತ್ತೂ ಕೆಮ್ಮಿದಳು. ಕಫ ಬಂತು. ಅಷ್ಟೇನೂ ನೋವಾಗಲಿಲ್ಲ ಕಣಪ್ಪ ಅಂದಳು.

ಫೋನಲ್ಲಿ ನರ್ಸಮ್ಮನಿಗೆ ಹೇಳಿದೆ. ಕೆಮ್ಮಿದ್ದಕ್ಕೆ ಖುಷಿಪಟ್ಟು, ಹೊಗೆ ಹಾಕಿದ್ದಕ್ಕೆ ಸರಿಯಾಗಿ ಬೈದರು. ಈಗ ಅತ್ತೆ ಒಲೆ ತಂಟೆಗೆ ಹೋಗಲ್ಲ. ಕೆಮ್ಮೋ ಹೊತ್ತಾದಾಗ ಮೆಣಸಿನಕಾಯಿ ಡಬ್ಬಿ ಅಲ್ಲಾಡಿಸ್ತಾರೆ, ಅಷ್ಟೇ. ಮಗಳು ದಿಂಬು ಹಿಡ್ಕೊಂಡು ಕೆಮ್ತಾಳೆ.

ಪಕ್ಕದ ಮನೆಯವರೂ ಕೆಮ್ತಾರೆ.