ಎಂಟೇ ಸುತ್ತಿಗೆ ಸುಸ್ತಾಗುವ ರಷ್ಯದ ಜೇಬುಗಡಿಯಾರದವರಿಗೆ

ಮಾನ್ಯ ಗಡಿಯಾರದವರೇ,

ಬೆನ್ನ ಮೇಲೆ ಹೊಗೆಯುಗುಳುವ ರೈಲು ಇಂಜಿನ್ನಿನ ಚಿತ್ರ ಹೊತ್ತು, ಹೊಟ್ಟೆಯೊಳಗೆ ಹದಿನೈದು ಕೆಂಪು ಕಲ್ಲುಗಳನ್ನು ಬಚ್ಚಿಟ್ಟುಕೊಂಡು, ಸದ್ಯ ನನ್ನ ತಂಗಿಯ ಅಡುಗೆಮನೆಯ ಮೊಳೆಯೊಂದಕ್ಕೆ ಸರಪಳಿ ಸಮೇತ ತೂಗುತ್ತಿರುವ ತಮಗೆ, ಎರಡು ಬೀದಿ ಆಚೆಯಿಂದ ಈ ಹಿರಿಯನ ಅನಂತ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯ ಕಾಣುವುದಿಲ್ಲ, ಏಕೆಂದರೆ ತಾವು ಅಲ್ಲಿ ಅಷ್ಟೊಂದು ಕ್ಷೇಮವಾಗಿರುವುದೇ ಈ ದೂರಿನ ಮೂಲ. ಇದು ಬಹಿರಂಗ ಪತ್ರವಾದ್ದರಿಂದ ಒಂದು ಪ್ರತಿಯನ್ನು ಗಡಿಯಾರ ರಿಪೇರಿಯವರ ಅಂಗಡಿಯ ಬಾಗಿಲಿಗೂ, ಇನ್ನೊಂದನ್ನು ತಂಗಿಯ ಫ್ರಿಜ್ಜಿಗೂ ಅಂಟಿಸಲಾಗುವುದು. ತಮಗೆ ಅಯಸ್ಕಾಂತ ಆಗಿಬರುವುದಿಲ್ಲವೆಂದು ಗೋಂದನ್ನೇ ಹಚ್ಚುತ್ತೇನೆ. ಇಷ್ಟರಿಂದಲೇ ನನ್ನ ಕಾಳಜಿ ಎಂಥದೆಂದು ತಾವು ತಿಳಿಯಬೇಕು.

ನನ್ನ ಪರಿಚಯ ತಮಗಿದೆ. ಓದುವ ಇತರರಿಗಾಗಿ ಎರಡು ಮಾತು. ಮೂವತ್ತೊಂದು ವರ್ಷ ಶಾಲೆಯೊಂದರಲ್ಲಿ ಗಂಟೆ ಹೊಡೆದವನು ನಾನು. ನಾನು ಹೊಡೆಯುವ ತನಕ ಹೆಡ್ಮಾಸ್ತರರಿಗೂ ಹಸಿವಾಗುವಂತಿರಲಿಲ್ಲ. ತಾವು ನಮ್ಮ ತಂದೆಯವರ ಕಾಲಕ್ಕೆ ನಮ್ಮ ಮನೆಗೆ ಬಂದಿರಿ. ಅವರು ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನು ನಡೆಸುತ್ತಿದ್ದರು. ಯಂತ್ರ ಕೂಡಿಸಲು ಬಂದಿದ್ದ ರಷ್ಯದ ಇಂಜಿನಿಯರೊಬ್ಬರು ಊರಿಗೆ ಹೊರಡುವ ದಿನ ತಮ್ಮನ್ನು ಜೇಬಿನಿಂದ ತೆಗೆದು ತಂದೆಯವರ ಅಂಗೈಯಲ್ಲಿಟ್ಟು, ಭಾಷೆ ಬಾರದ ಕಾರಣ ಬರೀ ನಕ್ಕು, ಹೋಗಿಬಿಟ್ಟರು. ತಂದೆಯವರ ನಂತರ ಹಿರಿಯ ಮಗನೆಂದು ತಾವು ನನ್ನ ಪಾಲಿಗೆ ಬಂದಿರಿ. ತಮಗೆ ಒಂಟಿತನ ಕಾಡಬಾರದೆಂದು ಗುಜರಿ ಅಂಗಡಿ, ಹಳೆಯ ಸಾಮಾನಿನ ಸಂತೆ, ತೀರಿಕೊಂಡವರ ಪೆಟ್ಟಿಗೆ ಎಂದು ಅಲೆದು, ತಮ್ಮದೇ ದೇಶದ, ತಮ್ಮದೇ ಓರಗೆಯ ಹನ್ನೆರಡು ಮಂದಿಯನ್ನು ಹುಡುಕಿ ತಂದು ಕೂರಿಸಿದೆ. ಜನ ಇದನ್ನು ಹವ್ಯಾಸ ಎನ್ನುತ್ತಾರೆ; ನಮ್ಮ ಮನೆಯಾಕೆ ಬೇರೆ ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವುದು ಶೋಭೆಯಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ದಿನಾ ಬೆಳಿಗ್ಗೆ ಏಳಕ್ಕೆ ಸ್ನಾನ ಮುಗಿಸಿ, ಒಣ ಬಟ್ಟೆಯಲ್ಲಿ ಬೆರಳೊರೆಸಿಕೊಂಡು, ತಮಗೆ ಎಂಟು ಸುತ್ತು ಕೀ ಕೊಡುತ್ತಿದ್ದೆ. ಒಂಬತ್ತನೆಯದನ್ನು ಕೊಟ್ಟವನಲ್ಲ. ತಾವು ಹುರುಪಿನಿಂದ ಹೊರಟು ಸಂಜೆ ನಾಲ್ಕೂಕಾಲರ ಆಸುಪಾಸಿಗೆ ನಿಂತುಬಿಡುತ್ತಿದ್ದಿರಿ. ಶಾಲೆಯ ಕೊನೆಯ ಗಂಟೆಯ ಹೊತ್ತೂ ಅದೇ ಆದ್ದರಿಂದ, ಹಳೆಯ ನೌಕರನ ಮೇಲಿನ ಗೌರವಕ್ಕೆ ತಾವು ಹೀಗೆ ಮಾಡುತ್ತೀರೆಂದು ಮೊದಲ ಕೆಲವು ವರ್ಷ ನಾನು ಹೆಮ್ಮೆಪಟ್ಟಿದ್ದುಂಟು. ಉಳಿದ ಹನ್ನೆರಡು ಮಂದಿಯೂ ತಮ್ಮನ್ನೇ ಅನುಸರಿಸಿ ಸಂಜೆಯೊಳಗೆ ಒಬ್ಬೊಬ್ಬರಾಗಿ ಕೈಚೆಲ್ಲಿ ಕೂರತೊಡಗಿದಾಗ, ಚಳಿದೇಶದವರಿಗೆ ನಮ್ಮ ಸೆಕೆ ಒಗ್ಗುತ್ತಿಲ್ಲವೆಂದುಕೊಂಡು ಫ್ಯಾನು ಹಾಕಿದೆ.

ರಿಪೇರಿಯವರ ಮೇಜಿನ ಮೇಲೆ ಮಾತ್ರ ತಾವು ಹಗಲೂ ರಾತ್ರಿ ಓಡುತ್ತಿದ್ದಿರಿ. ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುವ ಆ ಮಹನೀಯರು ಏಳು ಸಲ ತಮ್ಮನ್ನು ಬಿಚ್ಚಿ, ಏಳು ಸಲವೂ ತಮ್ಮಲ್ಲಿ ದೋಷವಿಲ್ಲ, ದೋಷ ಮನೆಯಲ್ಲಿದೆ ಎಂದು ತೀರ್ಪಿತ್ತರು. ಅಯಸ್ಕಾಂತದ ಸೆಳೆತವಿರಬಹುದೆಂದು ನಾನು ರೇಡಿಯೋವನ್ನು ಪಕ್ಕದ ಮನೆಗೆ ಕೊಟ್ಟೆ, ಕಬ್ಬಿಣದ ಬೀರುವನ್ನು ಜಗುಲಿಗೆ ತಳ್ಳಿಸಿದೆ, ಹೊಲಿಗೆ ಯಂತ್ರವನ್ನು ಬಚ್ಚಲಿನ ಪಕ್ಕಕ್ಕೆ ಸಾಗಿಸಿದೆ. ತಾವು ನಾಲ್ಕೂಕಾಲಕ್ಕೇ ನಿಂತಿರಿ. ಆಗ ಮನೆಯಾಕೆ ಬಾಗಿಲಲ್ಲಿ ನಿಂತು, "ಇನ್ನು ಈ ಮನೇಲಿ ನಾನೊಬ್ಳು ಉಳ್ಕೊಂಡಿದೀನಿ, ನನ್ನೂ ಆಚೆ ಇಟ್ಟು ನೋಡಿಬಿಡಿ" ಎಂದಳು. ಈ ಮಾತಿಗೂ ತಾವೇ ಹೊಣೆ.

ಹೀಗಿರುವಾಗ ಹೋದ ವರ್ಷ ತಂಗಿ ಬಂದು, ನಿನ್ನ ಹತ್ತಿರ ಹದಿಮೂರು ಇವೆ, ಅಪ್ಪನದು ನನಗಿರಲಿ ಎಂದು ಕೇಳಿದಳು. ಉಳಿದ ಹನ್ನೆರಡರಲ್ಲಿ ಯಾವುದನ್ನಾದರೂ ಆರಿಸಿಕೋ ಎಂದು ನಾನು ಔದಾರ್ಯ ಮೆರೆದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದವಳು ನಾಲ್ಕು ತಿಂಗಳು ನನ್ನೊಡನೆ ಮಾತು ಬಿಟ್ಟಳು. ಅವಳು ನನಗೆ ಹೇಳಬೇಕಾದದ್ದು ಅವಳ ಗಂಡನಿಗೆ, ಅವನಿಂದ ನಮ್ಮ ಮನೆಯಾಕೆಗೆ, ಅಲ್ಲಿಂದ ನನಗೆ ತಲುಪಬೇಕಾಗಿತ್ತು. ಅಷ್ಟು ಕೈ ದಾಟಿ ಬಂದ ಸುದ್ದಿಯಲ್ಲಿ ಬೈಗುಳ ಮಾತ್ರ ಸ್ವಲ್ಪವೂ ಸವೆದಿರುತ್ತಿರಲಿಲ್ಲ. ಚಿಕ್ಕಂದಿನಿಂದ ಒಂದು ದಿನವೂ ಬಾಯಿ ಮುಚ್ಚದ ತಂಗಿ ಬೀದಿಯಲ್ಲಿ ಎದುರಾಗಿ ತಲೆ ಬಗ್ಗಿಸಿ ನಡೆದುಹೋದರೆ ಹೇಗಿರುತ್ತದೆಂಬುದು, ಹಲ್ಲುಚಕ್ರಗಳಲ್ಲದೆ ಬೇರೆ ಬಂಧುಬಳಗವಿಲ್ಲದ ತಮಗೆ ತಿಳಿಯಲಾರದು.

ಕೊನೆಗೆ ನಾನೇ ಒಂದು ಉಪಾಯ ಹೂಡಿದೆ. ರಿಪೇರಿಯವರ ಸಾಕ್ಷಿಯಲ್ಲಿ ಒಪ್ಪಂದವಾಯಿತು: ತಾವು ಒಂದು ತಿಂಗಳು ನನ್ನಲ್ಲಿ, ಒಂದು ತಿಂಗಳು ಅವಳಲ್ಲಿ ಇರುವುದು, ಎಲ್ಲಿ ನಿಲ್ಲದೆ ಓಡುತ್ತೀರೋ ಅಲ್ಲಿಯೇ ಶಾಶ್ವತವಾಗಿ ನೆಲೆಸುವುದು, ಎರಡೂ ಕಡೆ ನಿಂತರೆ ಹಿರಿಯನ ಮನೆಗೆ ಮರಳುವುದು. ತಾವು ಯಾರ ಮನೆಯಲ್ಲಿಯೂ ಓಡುವುದಿಲ್ಲವೆಂಬ ಅಚಲ ನಂಬಿಕೆಯಿಂದಲೇ ನಾನು ಕೊನೆಯ ಷರತ್ತನ್ನು ಸೇರಿಸಿದ್ದೆ. ನನ್ನಲ್ಲಿ ತಾವು ಮೂವತ್ತು ದಿನವೂ ಕರಾರುವಾಕ್ಕಾಗಿ ನಿಂತು ನನ್ನ ನಂಬಿಕೆಯನ್ನು ಉಳಿಸಿಕೊಟ್ಟಿರಿ. ಅವಳಲ್ಲಿ ಮೂವತ್ತು ದಿನವೂ ಓಡಿದಿರಿ. ಒಗ್ಗರಣೆಯ ಹೊಗೆಯಲ್ಲಿ, ಮಿಕ್ಸಿಯ ಗದ್ದಲದಲ್ಲಿ, ಫ್ರಿಜ್ಜಿನ ಮಗ್ಗುಲಲ್ಲಿ! ತಮ್ಮ ಈ ಕರ್ತವ್ಯನಿಷ್ಠೆಗೆ ಸನ್ಮಾನವನ್ನೇ ಮಾಡಬೇಕು. ಶಾಲು ಹೊದಿಸೋಣವೆಂದರೆ ತಮಗೆ ಹೆಗಲಿಲ್ಲ.

ಮೂವತ್ತೊಂದನೆಯ ಬೆಳಿಗ್ಗೆ ನಾನು ಅವಳ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು, ನನ್ನೆದುರೇ ಕೀ ಕೊಟ್ಟು ತೋರಿಸೆಂದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಶುರುಮಾಡಿದಳು. ಎಂಟಾಯಿತು, ನಿಲ್ಲಿಸಲಿಲ್ಲ. ಹನ್ನೆರಡಕ್ಕೆ ನಾನು ಎದ್ದು ನಿಂತೆ. ಇಪ್ಪತ್ತಕ್ಕೆ ಗೋಡೆ ಹಿಡಿದುಕೊಂಡೆ. ಇಪ್ಪತ್ತೊಂಬತ್ತಕ್ಕೆ ತಾವೇ ಬಿಗಿಯಾಗಿ, ಸಾಕು ಎಂಬಂತೆ ಕೀಯನ್ನು ತಡೆದಿರಿ, ಮತ್ತು ಏನೂ ಆಗಲಿಲ್ಲ. ಸ್ಪ್ರಿಂಗು ಕಿತ್ತು ಬರುತ್ತದೆ, ಎಂಟರ ಮೇಲೆ ಮುಟ್ಟಬೇಡ ಎಂದು ಅಪ್ಪ ನನಗೆ ಹೇಳಿದ್ದರಲ್ಲ ಎಂದೆ. ತನಗೆ ಮಾತ್ರ, ಅದಾಗಿ ಅದು ಸಾಕು ಅನ್ನುವವರೆಗೂ ಕೊಡು ಎಂದಿದ್ದರೆಂದು ಅವಳು ಹೇಳಿದಳು. ಒಂದೇ ಅಪ್ಪ, ಒಂದೇ ಗಡಿಯಾರ, ಎರಡು ಲೆಕ್ಕ. ನನ್ನ ಮುಖ ನೋಡಿ ಅವಳಿಗೆ ನಗು ತಡೆಯಲಿಲ್ಲ.

"ನೀನು ಅಲಾರಂ ಗಡಿಯಾರ ಬಿಚ್ಚಿ ಅದರ ಸ್ಪ್ರಿಂಗು ಸೂರಿಗೆ ಹಾರಿಸಿರ್ಲಿಲ್ವಾ? ಅದಕ್ಕೇ ಅಂದಿದ್ದು. ಅದು ಒಂಬತ್ತು ವರ್ಷದ ಹುಡುಗಂಗೆ ಹೇಳಿದ ಮಾತು ಅಣ್ಣ, ನೀನು ಅರವತ್ತೆಂಟಕ್ಕೂ ಪಾಲಿಸ್ತಾ ಕೂತಿದೀಯಲ್ಲ."

ಮಾನ್ಯರೇ, ಐವತ್ತೊಂಬತ್ತು ವರ್ಷ ಪಾಲಿಸಿದ ಮಾತು! ತಾವು ನನ್ನ ಪಾಲಿಗೆ ಬಂದಂದಿನಿಂದ ತಮ್ಮ ಬಾಯೊಳಗೆ ಕಾಲು ಹೊಟ್ಟೆಯಷ್ಟೇ ಹಾಕಿ, ಅದನ್ನೇ ಅಕ್ಕರೆಯೆಂದು ತಿಳಿದು, ಸಂಜೆ ತಾವು ಬಸವಳಿದಾಗ ತಮ್ಮನ್ನೇ ಬೈದು ರಿಪೇರಿಗೆ ಹೊತ್ತೊಯ್ದೆನಲ್ಲ, ತಾವು ಒಮ್ಮೆಯಾದರೂ ಬಾಯಿಬಿಟ್ಟು ಹಸಿವೆ ಎನ್ನಬಾರದಿತ್ತೇ? ರಿಪೇರಿಯವರಾದರೂ, ಎಷ್ಟು ಸುತ್ತು ಕೊಡುತ್ತೀರಿ ಎಂದು ಕೇಳಬಾರದಿತ್ತೇ? ಈಗ ಕೇಳಿದರೆ, ಗಂಟೆ ಹೊಡೆಯುವವರಿಗೆ ಇಷ್ಟೂ ಗೊತ್ತಿರುತ್ತದೆ ಎಂದುಕೊಂಡಿದ್ದರಂತೆ. ನನ್ನ ಮೇಲೆ ಅವರಿಗಿದ್ದ ಅತಿಗೌರವವೇ ನನ್ನನ್ನು ಸೋಲಿಸಿತು.

ತಂಗಿ ಆಗಲೇ ತಮ್ಮನ್ನು ಮೊಳೆಯಿಂದ ಬಿಡಿಸಿ, ಗೊತ್ತಾಯಿತಲ್ಲ, ಇನ್ನು ನಿನ್ನಲ್ಲೂ ಓಡುತ್ತದೆ, ತೆಗೆದುಕೊಂಡು ಹೋಗು ಎಂದು ನನ್ನ ಕಡೆ ಚಾಚಿದಳು. ಒಪ್ಪಂದ ಒಪ್ಪಂದವೇ ಎಂದು ನಾನು ಕೈ ಹಿಂದೆ ಕಟ್ಟಿಕೊಂಡೆ. ಹಾಗೆ ತಮ್ಮನ್ನು ಜೇಬಿಗೆ ಹಾಕಿಕೊಂಡು ಬಂದುಬಿಟ್ಟರೆ, ನಾಳೆ ಬೆಳಿಗ್ಗೆ ಆ ಸ್ಟೂಲಿನ ಮೇಲೆ ಕೂರಲು ನನಗೆ ಇನ್ನಾವ ನೆಪ ಉಳಿಯುತ್ತಿತ್ತು? ಬದಲಿಗೆ, ದಿನಾ ಬಂದು ಕೀ ಕೊಡುವ ಹಕ್ಕು ನನ್ನದೆಂದು ಮತ್ತೊಂದು ಷರತ್ತು ಸೇರಿಸಿದೆ. ಅವಳು ಕಾಫಿಗೆ ನೀರಿಟ್ಟಳು.

ಆದಕಾರಣ ತಮ್ಮಲ್ಲಿ ನನ್ನ ವಿನಯಪೂರ್ವಕ ಬೇಡಿಕೆಗಳಿವು. ನನ್ನಲ್ಲಿ ಕಳೆದುಹೋದ ಅಷ್ಟೂ ವರ್ಷದ ಸಂಜೆಗಳನ್ನು ತಾವು ಹಿಂದಕ್ಕೆ ಓಡಿ ತುಂಬಿಕೊಡತಕ್ಕದ್ದು. ಅದು ಆಗದಿದ್ದರೆ, ಆ ನಾಲ್ಕು ತಿಂಗಳ ಮೌನವನ್ನಾದರೂ ತುಂಬಿಕೊಡುವುದು. ನಮ್ಮ ಮನೆಯ ಹನ್ನೆರಡು ಮಂದಿ ಈಗ ಹೊಟ್ಟೆತುಂಬ ಕೀ ತಿಂದು ಹನ್ನೆರಡು ಬೇರೆಬೇರೆ ಸಮಯ ಹೇಳುತ್ತಾ ಮನೆಯಾಕೆಯ ಮಧ್ಯಾಹ್ನದ ನಿದ್ದೆಗೆಡಿಸುತ್ತಿರುವುದರಿಂದ, ಹಿರಿಯರಾದ ತಾವು ಅವರಿಗೆ ಬುದ್ಧಿ ಹೇಳಿ ಒಂದು ಪತ್ರವನ್ನಾದರೂ, ಸಾಧ್ಯವಾದರೆ ಕನ್ನಡದಲ್ಲಿ, ಬರೆಯುವುದು.

ಇಂತು, ಎಣಿಕೆಯಲ್ಲಿ ಮಾತ್ರ ಸೋತ

ತಮ್ಮ ವಿಶ್ವಾಸಿ,
ಗಂಟೆಯಣ್ಣ

ತಾಜಾ ಕಲಂ: ಇಂದು ಬೆಳಿಗ್ಗೆ ತಮಗೆ ಕೀ ಕೊಡುವಾಗ ಎಂಟನೆಯ ಸುತ್ತಿಗೆ ನನ್ನ ಬೆರಳು ತಾನಾಗಿ ನಿಂತಿತು. ತಂಗಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು, ತಿರುಗಿ ಕೂಡ ನೋಡಲಿಲ್ಲ. "ಇನ್ನೂ ಕೊಡು, ಅಣ್ಣ" ಎಂದಳು. ಅವಳು ಎಣಿಸಬಹುದಾದಷ್ಟು ಜೋರಾಗಿ ಕಟಕಟ ಎನ್ನುವ ದರ್ದು ತಮಗೇನಿತ್ತು?