ರೊಟ್ಟಿ ಮ್ಯಾಲೆ ಅಳದ ಸೂರ್ಯ

"ಸೂರ್ಯನ ಅಗಲ ಅಳಿಯೂದು ಏನ್ ದೊಡ್ಡ ಕೆಲಸ ಅಲ್ರಿ. ಒಂದು ತಗಡು, ತಗಡಿನಾಗ ಒಂದು ತೂತು. ಮುಗೀತು."

ಹಿಂಗಂತ ನಾನು ಆ ದಿನ ಮುಂಜಾನೆ ನಮ್ಮ ಮನಿಯವರಿಗೆ ಹೇಳಿದೆ. ಅವರು ಗೊಬ್ಬರದ ಅಂಗಡಿ ತೆರಿಯಾಕ ಹೊಂಟಿದ್ರು. "ಅಳಿ. ಆದ್ರ ಊಟಕ್ಕ ತಡ ಮಾಡಬ್ಯಾಡ" ಅಂದು ಚಪ್ಪಲಿ ಮೆಟ್ಟಿ ಹೋದ್ರು. ಸೌರಮಂಡಲದ ಬಗ್ಗೆ ಅವರಿಗೆ ಇರೂ ಆಸಕ್ತಿ ಇಷ್ಟ.

ನಾನು ಸುರಪುರದ ಮಗಳು, ಹುಣಸಗಿ ಸೊಸಿ. ವಯಸ್ಸು ನಲವತ್ತರ ಹತ್ರ. ಸಣ್ಣಾಕಿ ಇದ್ದಾಗಿಂದ ನನಗ ಚುಕ್ಕಿ ಅಂದ್ರ ಹುಚ್ಚು. ಆದ್ರ ಕಾಲೇಜಿನಾಗ ತಗೊಂಡದ್ದು ಆರ್ಟ್ಸ್, ಯಾಕಂದ್ರ ನನ್ನ ಗೆಳತ್ಯಾರೆಲ್ಲಾ ಆರ್ಟ್ಸಿಗೇ ಹೋಗಿದ್ರು. ಮಕ್ಕಳು ಹೈಸ್ಕೂಲ್ ಮುಟ್ಟಿದ ಮ್ಯಾಲೆ ಒಂದು ವಿಶ್ವವಿದ್ಯಾಲಯದ ಸುದ್ದಿ ಕಿವಿಗೆ ಬಿತ್ತು. ವಿಜ್ಞಾನ ಓದದವರೂ ಅಲ್ಲಿ ಖಗೋಳ ಭೌತಶಾಸ್ತ್ರ ಓದಬಹುದಂತ. ಮೊದಲ ಒಂದು ವರ್ಷ ಫೌಂಡೇಶನ್ ಅಂತ ಗಣಿತ, ಭೌತಶಾಸ್ತ್ರ ಕಲೀಬೇಕು, ಪಾಠ ಎಲ್ಲಾ ಫೋನಿನಾಗ. ಅದು ಪಾಸಾದ್ರ ಡಿಗ್ರಿಗೆ ಸೀಟು. ಬುನಾದಿ ಇಲ್ಲದ ಮನಿಗೆ ವರ್ಷಪೂರ್ತಿ ಬುನಾದಿ ಹಾಕಿ ಕೊಡ್ತಾರ ಅನ್ರಿ.

ಹಾಕಿಸಿಕೊಂಡೆ. ರೊಟ್ಟಿ ಬಡ್ಕೋತ ತ್ರಿಕೋನಮಿತಿ ಕಲಿತೆ. ಪರೀಕ್ಷೆ ಎಲ್ಲಾ ಮುಗಿದು ಉಳಿದದ್ದು ಒಂದೇ ಪ್ರಯೋಗ: ಮನ್ಯಾಗಿನ ಸಾಮಾನಿನಿಂದ ಸೂರ್ಯನ ಅಗಲ ಅಳದು, ಫೋನಿನಾಗ ಪಾಠ ಹೇಳೂ ಮೇಡಂಗ ಒಪ್ಪಿಸಬೇಕು. ಇದರಾಗ ಫೇಲಾದ್ರ ಸೀಟಿಲ್ಲ. ನಾನೋ ಹುಣಸಗಿ ಬಸ್‌ಸ್ಟ್ಯಾಂಡ್ ತನಕ ಎಲ್ಲಾರಿಗೂ "ಮುಂದಿನ ವರ್ಷ ನಾ ಖಗೋಳ ವಿಜ್ಞಾನಿ" ಅಂತ ಹೇಳಿಬಿಟ್ಟಿದ್ದೆ.

ಪ್ರಯೋಗ ಸರಳ ಐತ್ರಿ. ಕತ್ತಲ ಕೋಣ್ಯಾಗ ಸಣ್ಣ ತೂತಿನಿಂದ ಬಿಸಿಲು ಬಿಟ್ರ ನೆಲದ ಮ್ಯಾಲೆ ಸೂರ್ಯನ ಗುಂಡನೆ ಬಿಂಬ ಬೀಳ್ತೈತಿ. ಸೂರ್ಯ ಎಷ್ಟು ದೂರ ಅನ್ನೂದು ಪುಸ್ತಕದಾಗ ಐತಿ; ಬಿಂಬದ ಅಗಲ, ತೂತಿನ ಎತ್ತರ ಗೊತ್ತಾದ್ರ ಉಳಿದದ್ದು ಗುಣಾಕಾರ, ಭಾಗಾಕಾರ. ನಮ್ಮದು ಮಣ್ಣಿನ ಚಾವಣಿಯ ಹಳೇ ಮಾಳಗಿ ಮನಿ. ಅಡಗಿಮನಿ ನೆತ್ತಿ ಮ್ಯಾಲೆ ಬೆಳಕಿಂಡಿ ಐತಿ. ಬ್ಯಾಸಗಿ ಮಧ್ಯಾಹ್ನ ಸೂರ್ಯ ಬರೋಬ್ಬರಿ ಅದರ ಮ್ಯಾಲೇ ಬಂದು ನಿಲ್ತಾನ. ಇಂಥಾ ವೀಕ್ಷಣಾಲಯ ಯಾವ ದೇಶದಾಗ ಐತಿ ಹೇಳ್ರಿ?

ಹಗ್ಗ ಇಳಿಬಿಟ್ಟು ಎತ್ತರ ಅಳದೆ. ಎಣ್ಣಿ ಡಬ್ಬಿ ತಗಡು ಕತ್ತರಿಸಿ ಮೊಳಿಯಿಂದ ತೂತು ಹೊಡದೆ. ಮಾಳಗಿ ಹತ್ತಿ ಬೆಳಕಿಂಡಿ ಮ್ಯಾಲೆ ತಗಡು ಇಟ್ಟು, ಸುತ್ತ ಹಸಿ ಮಣ್ಣು ಮೆತ್ತಿ ಗಾಳಿ ಸೈತ ಆಡದಂಗ ಮಾಡಿದೆ. ಕಿಟಕಿಗೆ ಗೊಬ್ಬರದ ಖಾಲಿ ಚೀಲ ಕಟ್ಟಿದೆ. ಬೆಳಕಿಂಡಿ ಇರೂದು ಎರಡು ಕೆಲಸಕ್ಕ: ಬೆಳಕು ಒಳಗ ಬರಾಕ, ಹೊಗಿ ಹೊರಗ ಹೋಗಾಕ. ನನ್ನ ತಲ್ಯಾಗ ಮೊದಲನೇದು ಅಷ್ಟ ಇತ್ತು.

ಕೆಳಗ ಬಂದು ನೋಡ್ತೀನಿ, ಅತ್ತಿ ಒಲಿ ಹಚ್ಚ್ಯಾರ. ಮನ್ಯಾಗ ಗ್ಯಾಸ್ ಐತಿ. ಆದ್ರ ಅತ್ತಿಗೆ ರೊಟ್ಟಿ ಕಟಗಿ ಒಲಿ ಮ್ಯಾಲೇ ಆಗಬೇಕು.

"ಏ ಮಾದೇವಿ, ಹಾಡಹಗಲಾಗ ಕತ್ತಲ ಯಾಕ ಮಾಡೀದಿ?"

"ಸೂರ್ಯನ್ನ ನೋಡಾಕ್ರಿ ಅತ್ತಿ."

"ಸೂರ್ಯನ್ನ ನೋಡಾಕ ಕತ್ತಲ ಬೇಕೇನು? ಅಂಗಳಕ್ಕ ಹೋಗು, ತಲಿ ಎತ್ತು, ಕಾಣ್ತಾನ."

ಉತ್ತರ ಕೊಡೂದ್ರಾಗ ಹೊಗಿ ತುಂಬಿತು. ಆ ಹೊಗಿಯೊಳಗ ನೆತ್ತಿಯಿಂದ ನೆಲದ ತನಕ ಬಿಸಿಲಿನ ಒಂದು ಕೋಲು ಎದ್ದು ನಿಂತಿತು. ಅಷ್ಟು ಚೆಂದ ಇತ್ತಂದ್ರ ನನಗ ಕಣ್ಣಾಗ ನೀರು ಬಂತು. ಅತ್ತಿಗೂ ಬಂತು, ಅವರಿಗೆ ಹೊಗಿಗೆ.

ಬಿಂಬ ಬಿತ್ತು, ಆದ್ರ ನೆಲದ ಫರಸಿ ಕಪ್ಪು, ಅಂಚು ಕಾಣವಲ್ದು. ಬಿಳಿ ಹಾಳಿ ತಂದಿಟ್ಟಿದ್ದೆ, ಹೊಗ್ಯಾಗ ಎಲ್ಲಿ ಹುಡುಕೂದು? ಕೈಗೆ ಸಿಕ್ಕದ್ದು ಅತ್ತಿ ಆಗಷ್ಟ ಸುಟ್ಟು ಬುಟ್ಟ್ಯಾಗ ಹಾಕಿದ ಮೊದಲನೇ ಜ್ವಾಳದ ರೊಟ್ಟಿ. ತಗೊಂಡು ಬಿಂಬ ಬಿದ್ದ ಜಾಗದಾಗ ಇಟ್ಟೆ. ಬೆಳ್ಳನ ರೊಟ್ಟಿ ನಡುವ ಗುಂಡನೆ ಸೂರ್ಯ ಬಂದು ಕುಂತ. ಚಾಕುವಿನಿಂದ ಆ ಕಡಿ ಒಂದು, ಈ ಕಡಿ ಒಂದು ಗೆರಿ ಕೊರದು ರೊಟ್ಟಿ ಬುಟ್ಟ್ಯಾಗ ಇಟ್ಟು ಸ್ಕೇಲ್ ಹುಡುಕಾಕ ಹತ್ತಿದೆ.

ಅಷ್ಟರಾಗ ಹೊರಗ ಯಾರೋ ಕೂಗಿದ್ರು. "ಬೆಂಕಿ ಬಿದ್ದೈತಿ, ಬರ್ರೋ!"

ದಿನಾ ಮಾಳಗಿ ಮ್ಯಾಲಿಂದ ಹೋಗೂ ಹೊಗಿ ಆ ದಿನ ತಲಬಾಗಲದಾಗ ಹೊಂಟಿತ್ತು. ಕಾಲುವಿ ನೀರು ಬಂದ್ ಆಗಿ ಗದ್ದಿ ಕೆಲಸ ಮುಗದಿದ್ವು, ಓಣಿ ತುಂಬ ಕೈ ಖಾಲಿ ಇದ್ದ ಮಂದಿ. ಕೊಡ, ಬಕೀಟು, ಪರಾತ ಹಿಡಕೊಂಡು ಬಂದ್ರು. ಪಕ್ಕದ ಮನಿ ಮಲ್ಲಣ್ಣ ಕಾಕಾ ನೇರ ಮಾಳಗಿ ಹತ್ತಿದ್ರು.

"ಕಾಕಾ, ಬೆಂಕಿ ಅಲ್ರಿ, ಪ್ರಯೋಗ!" ಅಂತ ಒದರಿದೆ.

"ಗಾಬರಿ ಆಗಬ್ಯಾಡವಾ, ನಾ ಅದೀನಿ" ಅಂದು ಒಂದು ಕೊಡ ನೀರು ಬೆಳಕಿಂಡಿಗೆ ಸುರುವಿದ್ರು. ಮಣ್ಣು ಕರಗಿತು. ತಗಡು, ಕೆಸರು, ನೀರು ಮೂರೂ ಕೂಡಿ ನನ್ನ ತಲಿ ಮ್ಯಾಲೆ ಬಂದ್ವು. ಒಲಿ ಆರಿತು. ಸೂರ್ಯನೂ ಹೋದ.

ಸುದ್ದಿ ಕೇಳಿ ಅಂಗಡಿಯಿಂದ ಓಡಿ ಬಂದ ನಮ್ಮ ಮನಿಯವರು ನನ್ನ ಒಮ್ಮೆ ನೋಡಿದ್ರು, ಒಲಿ ಒಮ್ಮೆ ನೋಡಿದ್ರು. ನಾ ಮೈ ತೊಳಕೊಂಡು ಬರೂದ್ರಾಗ ಶೇಂಗಾ ಹಿಂಡಿ ಹಚ್ಕೊಂಡು ಊಟ ಮುಗಿಸಿದ್ರು. ಬುಟ್ಟ್ಯಾಗ ಇದ್ದದ್ದು ಒಂದೇ ಒಂದು ರೊಟ್ಟಿ.

"ಅಯ್ಯ, ಸೂರ್ಯನ್ನ ತಿಂದ್ರೇನ್ರಿ?"

"ಮತ್ತ ನೀ ಊಟಕ್ಕ ಬ್ಯಾರೆ ಏನ್ ಇಟ್ಟಿದ್ದಿ?"

ನಾಕು ಗಂಟಿಗೆ ಮೇಡಂ ವಿಡಿಯೋ ಫೋನ್. ನನ್ನ ಹತ್ರ ಬಿಂಬದ ಅಳತಿನೇ ಇಲ್ಲ. ಅವಾಗ ನನಗ ಒಂದು ಅಪೂರ್ವ ವಿಚಾರ ಹೊಳೀತು: ಸೂರ್ಯನ ಅಗಲ ಪುಸ್ತಕದಾಗ ಐತಲ್ಲ? ಅದನ್ನ ಇಟ್ಕೊಂಡು ಉಲ್ಟಾ ಲೆಕ್ಕ ಮಾಡಿ, ಬಿಂಬ ಎಷ್ಟು ಇರಬೇಕಾಗಿತ್ತೋ ಅಷ್ಟು ಬರದೆ. ಕೂದಲೆಳಿಯಷ್ಟೂ ಫರಕ್ ಇಲ್ಲ.

"ಎಷ್ಟು ಬಂತು?" ಮೇಡಂ ಕೇಳಿದ್ರು.

"ಹದಿಮೂರು ಲಕ್ಷ ತೊಂಬತ್ತೆರಡು ಸಾವಿರ ಕಿಲೋಮೀಟರ್ ರೀ."

ಮೇಡಂ ಕನ್ನಡಕ ಸರಿ ಮಾಡಿಕೊಂಡ್ರು. "ಬಿಂಬ ಯಾವುದರ ಮೇಲೆ ಅಳೆದಿರಿ?"

"ರೊಟ್ಟಿ ಮ್ಯಾಲ್ರಿ."

"ರೊಟ್ಟಿ ಮೇಲೆ ಅಳೆದು ಪುಸ್ತಕದಲ್ಲಿರೋ ಉತ್ತರವೇ ಬಂತಾ?"

"ನಮ್ಮ ಕಡಿ ರೊಟ್ಟಿ ಭಾಳ ಬರೋಬ್ಬರಿ ಇರ್ತಾವ್ರಿ ಮೇಡಂ."

"ಎಲ್ಲಿ, ಆ ರೊಟ್ಟಿ ತೋರಿಸಿ."

ನಾನು ಬಾಯಿ ತೆರಿಯೂದ್ರಾಗ ನಮ್ಮ ಮನಿಯವರು ಸಹಾಯಕ್ಕ ಬಂದ್ರು. ಫೋನಿನಾಗ ಮಾರಿ ತೂರಿಸಿ, "ಗೆರಿ ಕೊರದಿದ್ದ ರೊಟ್ಟಿ ಏನ್ರಿ? ಅದು ಮಧ್ಯಾಹ್ನನೇ ನಾ ತಿಂದೆ. ಇಕಿ ಅಳಿಯಾಕ ಸ್ಕೇಲೂ ಸಿಕ್ಕಿರಲಿಲ್ರಿ" ಅಂದ್ರು. ಅಷ್ಟು ಖರೆ ಮಾತಾಡೂ ಗಂಡ ಯಾರಿಗೂ ಸಿಗಬಾರದು.

ಮೇಡಂ ಬೈಯಲಿಲ್ಲ. ಬೈದಿದ್ರ ಛಲೋ ಇತ್ತು. "ಈ ಉತ್ತರಕ್ಕೆ ಸೊನ್ನೆ. ನಾಳೆ ಕಡೇ ದಿನ, ಮತ್ತೆ ಅಳೆಯಿರಿ. ಎಷ್ಟು ಬರುತ್ತೋ ಅಷ್ಟೇ ಹೇಳಿ" ಅಂದು ಇಟ್ಟುಬಿಟ್ರು. ನನಗ ಭಾಳ ನಾಚಿಕಿ ಆತು. ಅಡಗಿಮನಿ ಕೆಸರು ಬಳೀತಾ ಕಣ್ಣೀರು ಹಾಕಿದೆ. ವರ್ಷಪೂರ್ತಿ ಓದಿದ್ದು ನೀರಾಗ ಹೋತಲ್ಲ ಅಂತ ಸಂಕಟ ಆತು.

ಅತ್ತಿ ಬಾಗಲದಾಗ ನಿಂತು ನೋಡಾಕತ್ತಿದ್ರು. "ಅಳೂದು ಸಾಕು. ನಾಳೆ ಹೊತ್ತು ಏರೂದ್ರಾಗ ರೊಟ್ಟಿ ಬಡದು ಒಲಿ ಆರಿಸ್ತೀನಿ. ಮಧ್ಯಾಹ್ನ ಅಡಗಿಮನಿ ನಿನಗ ಬಿಟ್ಟೀನಿ. ಏನ್ ಅಳೀತೀಯೋ ಅಳಿ" ಅಂದ್ರು.

ಮರುದಿನ ಮತ್ತ ಅದೇ ತಗಡು, ಅದೇ ಮಣ್ಣು. ಓಣಿ ಮಂದಿ ಈ ಸಲ ಕೊಡ ಬಿಟ್ಟು ಬರೇ ಕೈಲೆ ಬಂದ್ರು. ಎಲ್ಲಾರೂ ಕತ್ತಲದಾಗ ಕುಂತು ನೆಲದ ಮ್ಯಾಲಿನ ಸೂರ್ಯನ್ನ ಒಬ್ಬರಾದ ಮ್ಯಾಲೊಬ್ಬರು ನೋಡಿದ್ರು. ಮಲ್ಲಣ್ಣ ಕಾಕಾ "ಇಷ್ಟ ಸಣ್ಣಾಂವ ಅದಾನೇನು? ಹೊಲದಾಗ ಇಷ್ಟು ಸುಡ್ತಾನ" ಅಂದ್ರು. ನಾನು ಹಾಳಿ ಹಾಸಿ, ಸ್ಕೇಲ್ ಹಿಡದು, ಮೂರು ಸಲ ಅಳದು ಲೆಕ್ಕ ಮಾಡಿದೆ. ಬಂದದ್ದು ಹದಿನಾರು ಲಕ್ಷ! ಹಿಂದಿನ ದಿನ ಮ್ಯಾಲಿಂದ ಬಿದ್ದ ಹೊಡತಕ್ಕ ತಗಡಿನ ತೂತು ಅಗಲ ಆಗಿ ಬಿಂಬ ಉಬ್ಬಿತ್ತು. ಸೂರ್ಯನ್ನ ನಾನು ಎರಡು ಲಕ್ಷ ಕಿಲೋಮೀಟರ್ ದಪ್ಪ ಮಾಡಿದ್ದೆ. ಊರಿಗೆ ಕಾಲುವಿ ಬಂದು ಬೆಳಿ ಹೆಚ್ಚಾದ ಮ್ಯಾಲೆ ನಮ್ಮ ಕಡಿ ಮಂದಿ ಒಂದೀಟ ದಪ್ಪ ಆಗ್ಯಾರ ಖರೆ, ಆದ್ರ ಅವನೂ ಆಗ್ಯಾನ ಅಂದ್ರ ಮೇಡಂ ಕೇಳಬೇಕಲ್ಲ?

ಮೇಡಂಗ ಇದ್ದದ್ದು ಇದ್ದಂಗ ಹೇಳಿದೆ. ತೂತಿನ ಕಥಿನೂ ಹೇಳಿದೆ. ಮೇಡಂ ನಕ್ಕು, "ಪಾಸ್. ಮೊದಲ ವರ್ಷಕ್ಕೆ ಬನ್ನಿ" ಅಂದ್ರು.

ಮನಿಯವರು ಅಂಗಡಿಯಿಂದ ಬಂದು ಎಲ್ಲಾ ಕೇಳಿದ್ರು. "ಅಂದ್ರ ನಿನ್ನೆ ಉತ್ತರ ಬರೋಬ್ಬರಿ ಇತ್ತು, ಫೇಲ್. ಇವತ್ತು ಎರಡು ಲಕ್ಷ ಕಿಲೋಮೀಟರ್ ತಪ್ಪು, ಪಾಸ್?"

"ಹೌದ್ರಿ."

ಅವರು ಚಪ್ಪಲಿ ಬಿಟ್ಟು ಒಳಗ ಬರ್ಕೋತ, "ಹಂಗಿದ್ರ ಈ ಶಾಸ್ತ್ರದಾಗ ನೀ ಭಾಳ ಮುಂದ ಹೋಗ್ತಿ ಬಿಡು" ಅಂದ್ರು.