ಎಂಜಿನ್ನಿಗೆ ಹೊಸ ಸಂಖ್ಯೆ ಬಂದು ತಮ್ಮ ಬಾರದಾದ ಬಗ್ಗೆ

ಇಂದ:
ಮುರುಗೆಪ್ಪ, ವಯಸ್ಸು ಅರವತ್ತೊಂದು, ಹತ್ತಿ ವ್ಯಾಪಾರ,
ಶಿರಗುಪ್ಪಿ, ತಾ: ಹುಬ್ಬಳ್ಳಿ
(ಮುಂದೆ 'ಅರ್ಜಿದಾರ' ಎಂದು ಕರೆಯಲಾಗುವವನು)

ಗೆ:
ಮಾನ್ಯ ಅಧಿಕಾರಿಗಳು,
ಬದಲಿ ಎಂಜಿನ್ ಸಂಖ್ಯೆ ವಿಭಾಗ

ವಿಷಯ: ಮರುಜೋಡಿಸಿದ ಕಾರಿನ ಎಂಜಿನ್ನಿಗೆ ದೊರೆತ ಬದಲಿ ಸಂಖ್ಯೆಯಿಂದ ಉಂಟಾದ ಕೌಟುಂಬಿಕ ತೊಂದರೆ.

ಉಲ್ಲೇಖ: ೧) ಹೊಸ ಸಂಖ್ಯೆ ಕೊಟ್ಟ ಕಚೇರಿ ಆದೇಶ. ೨) ಅಣ್ಣ-ತಮ್ಮಂದಿರ ಆಸ್ತಿಯ ವಾಟ್ನಿ (ಪಾಲು) ಪತ್ರ, ಪುಟ ನಾಲ್ಕು.

ಮಾನ್ಯರೇ,

೧. ಅರ್ಜಿದಾರನಿಗೂ ರಾಯಾಪುರದಲ್ಲಿರುವ ಅವನ ತಮ್ಮ ಶಂಭುಲಿಂಗನಿಗೂ ಏಳು ವರ್ಷದ ಹಿಂದೆ ಹೊಲದ ಬದುವಿನ ಸಲುವಾಗಿ ಜಗಳವಾಗಿ ಆಸ್ತಿ ಪಾಲಾಯಿತು. ಅಪ್ಪನ ಬಿಳಿ ಕಾರನ್ನು ಮಾತ್ರ ಇಬ್ಬರೂ ಬಿಡಲೊಲ್ಲರು. ಆದಕಾರಣ ಅದನ್ನು ಎಂಜಿನ್ ಸಂಖ್ಯೆ ಸಹಿತ ಪತ್ರದಲ್ಲಿ ಕಾಣಿಸಿ, ಸೋಮವಾರದಿಂದ ಬುಧವಾರದವರೆಗೆ ತಮ್ಮನಿಗೆ, ಉಳಿದ ದಿನ ಅಣ್ಣನಿಗೆ ಎಂದು ಬರೆಯಲಾಯಿತು.

೨. ಆದ್ದರಿಂದ ಶಂಭುಲಿಂಗ ಬುಧವಾರ ಸಂಜೆ ಕಾರು ತಂದು ಬಿಡುತ್ತಿದ್ದ, ಭಾನುವಾರ ಸಂಜೆ ಬಂದು ಒಯ್ಯುತ್ತಿದ್ದ. ಮಾತೆಲ್ಲ ಕಾರಿಗೆ ಸಂಬಂಧಪಟ್ಟಷ್ಟೇ. ಒಂದು ಬುಧವಾರ, "ಹಿಂದಿನ ಸೀಟ್ ಬಿಸಲಿಗೆ ಒಣಗಸು ಅಣ್ಣಾ, ಉಮಾಶ್ರೀ ಕೂಸು ಉಚ್ಚಿ ಹೊಯ್ದೈತಿ" ಎಂದ. ತಮ್ಮನ ಮಗಳು ಹಡೆದಿರುವುದು, ತಾನು ಅಜ್ಜನಾಗಿರುವುದು ಅರ್ಜಿದಾರನಿಗೆ ತಿಳಿದದ್ದು ಹೀಗೆ.

೩. ಹೋದ ತಿಂಗಳು ಎಂಜಿನ್ ಕೈಕೊಟ್ಟಿತು. ಹುಬ್ಬಳ್ಳಿಯ ಮೆಕ್ಯಾನಿಕ್ ನಿಜಾಮುದ್ದೀನ ಬಿಚ್ಚಿ ನೋಡಿ, "ಎಂಜಿನ್ ಬ್ಲಾಕ್ ಸೀಳೇತ್ರಿ ಕಾಕಾ. ಬ್ಯಾರೇದು ಹಾಕಿ ಛಲೋ ಮಾಡಿಕೊಡ್ತೇನಿ. ಆದ್ರ ನಂಬರ್ ಇರೂದು ಬ್ಲಾಕಿನ ಮ್ಯಾಲೆ, ಅದು ಬದಲಾಗ್ತೈತಿ" ಎಂದ. "ಆಗಲಿ ತಗೋ" ಎಂದುಬಿಟ್ಟ ಅರ್ಜಿದಾರ. ಬುದ್ಧಿ ಮಣ್ಣು ತಿಂದದ್ದು ಇಲ್ಲಿಯೇ.

೪. ಕಾರು ಸಿದ್ಧವಾದಾಗ ಶಂಭುಲಿಂಗ ಬಂದ, ಬಾನೆಟ್ ಎತ್ತಿ ಸಂಖ್ಯೆ ಓದಿದ. "ಅಪ್ಪನ ಎಂಜಿನ್ ಬದಲಸೂ ಮುಂದ ನನ್ನ ಒಂದ ಮಾತ ಕೇಳಿದೇನು? ಪತ್ರದಾಗ ಇದ್ದದ್ದು ಇದಲ್ಲ. ನನ್ನದಲ್ಲದ್ದು ನನಗ ಬ್ಯಾಡ" ಎಂದು ತನ್ನ ಕೀಲಿಯನ್ನು ಕಟ್ಟೆಯ ಮೇಲಿಟ್ಟು ಬಸ್ಸು ಹತ್ತಿ ಹೋದ.

೫. ಸದ್ಯ ಏಳೂ ದಿನ ಕಾರು ಅರ್ಜಿದಾರನ ಅಂಗಳದಲ್ಲಿದೆ. ಮೊನ್ನೆ ಬುಧವಾರ ಸಂಜೆ ಅವನು ಬಾಗಿಲಲ್ಲಿ ನಿಂತದ್ದನ್ನು ನೋಡಿ ಹೆಂಡತಿ ದಾನವ್ವ, "ಯಾರ ಹಾದಿ ನೋಡಾಕತ್ತೀರಿ? ಕಾರ್ ಇಲ್ಲೇ ಐತಲ್ರಿ" ಎಂದಳು. ಅವಳೆದುರು ಬಾಯಿ ಬಿಡಲು ನಾಚಿಕೆಯಾದ ಕಾರಣ, ಅರ್ಜಿದಾರನಿಗೆ ಬೇಕಾದದ್ದು ಕಾರಲ್ಲ, ಶಂಭುಲಿಂಗ ಎಂಬುದನ್ನು ಈ ಮೂಲಕ ಸರ್ಕಾರಕ್ಕೆ ತಿಳಿಸಲಾಗಿದೆ.

೬. ಹಳೆಯ ಸಂಖ್ಯೆಯನ್ನು ಬೇರೆ ಬ್ಲಾಕಿನ ಮೇಲೆ ಹೊಡೆಯುವುದು ಅಪರಾಧವೆಂದು ತಮ್ಮ ಗುಮಾಸ್ತರು ಈಗಾಗಲೇ ಗದರಿಸಿದ್ದಾರೆ. ಆದ್ದರಿಂದ ಅದನ್ನು ಕೇಳುವುದಿಲ್ಲ. ಬದಲಿಗೆ, ಹೊಸ ಸಂಖ್ಯೆಯ ಪರಿಶೀಲನೆಗೆ ಇಬ್ಬರೂ ಖುದ್ದು ಹಾಜರಾಗಬೇಕೆಂದು ನೋಟಿಸು ಕೊಡಬೇಕು. ಸರ್ಕಾರಿ ನೋಟಿಸಿಗೆ ಶಂಭುಲಿಂಗ ಹೆದರುತ್ತಾನೆ. ಹಾಜರಾದ ದಿನ ಸಾಹೇಬರು ಮೀಟಿಂಗಿಗೆ ಹೋಗಿರಬೇಕು. ಮರುವಾರ ಕಡತ ಸಿಗಬಾರದು. ಅದರ ಮರುವಾರ ಸಿಕ್ಕರೂ ಸಹಿ ಮಾಡುವವರು ರಜೆಯ ಮೇಲಿರಬೇಕು. ಕೆಲಸ ಬೇಗ ಮುಗಿದರೆ ಅರ್ಜಿದಾರನಿಗೆ ತುಂಬಲಾರದ ನಷ್ಟವಾಗುತ್ತದೆ.

ವಿಳಂಬವನ್ನೇ ನಂಬಿರುವ,
ತಮ್ಮ ವಿಶ್ವಾಸಿ,
ಮುರುಗೆಪ್ಪ

ಅಡಕ:
೧) ಹಳೆಯ ಸಂಖ್ಯೆಯ ಪೆನ್ಸಿಲ್ ಅಚ್ಚು.
೨) ವಾಟ್ನಿ ಪತ್ರದ ಜೆರಾಕ್ಸ್.
೩) ನೋಟಿಸಿನ ಸಲುವಾಗಿ ಶಂಭುಲಿಂಗನ ವಿಳಾಸ.

ವಿ.ಸೂ.: ಕಚೇರಿಯ ಹೊರಗೆ ಕೂಡಲು ಒಂದೇ ಬೆಂಚು ಇದೆ. ಇಬ್ಬರು ಒತ್ತಿಕೊಂಡು ಕೂತರೆ ಸಾಕಾಗುತ್ತದೆ. ದಯವಿಟ್ಟು ಇನ್ನೊಂದನ್ನು ಹಾಕಿಸಬಾರದು.